ಒಟ್ಟಿಗೆ ಯಾರುಂಟು?

ಸುರತ್ಕಲ್
12 ಫೆಬ್ರವರಿ 2025

ಪ್ರೀತಿಯ ಸಂಚಿತಾ,

ಆದಿತ್ಯವಾರ ಫೋನಿನಲ್ಲಿ ನೀನು ಊಟ ಆಯಿತಾ ಎಂದು ಕೇಳಿದೆ, ನಾನು ಆಯಿತು ಎಂದೆ. ನಿನ್ನದು ಆಯಿತಾ ಎಂದು ನಾನು ಕೇಳಿದೆ, ಲೀಡ್ಸಿನಲ್ಲಿ ಇನ್ನೂ ಬೆಳಗ್ಗೆ ಪಪ್ಪಾ ಎಂದು ನೀನು ಹೇಳಿದೆ. ಪ್ರತಿ ವಾರ ಹೀಗೇ ಆಗುತ್ತದೆ. ಅದಕ್ಕೆ ಕಾಗದದಲ್ಲಿ ಬರೆಯುವ ಎಂದು ಕುಳಿತೆ.

ನಾನು ಹೇಗಿದ್ದೇನೆ ಎಂದು ನೀನು ತುಷಾರನ ಹತ್ತಿರ ಕೇಳಿಸಿದ್ದು ಗೊತ್ತಾಯಿತು. ಅಳಿಯನ ಬಾಯಿಂದ ಕೇಳಿಸುವಷ್ಟು ಎಂತದೂ ಇಲ್ಲ. ಅಮ್ಮ ಹೋದ ಮೇಲೆ ಬೇಸರ ಎಂದು ಹೇಳುವಂಥದ್ದು ಬರಲೇ ಇಲ್ಲ. ಗಂಜಿಗೆ ಉಪ್ಪು ಹಾಕಿರಲಿಲ್ಲ ಎನ್ನುವುದು ಬಟ್ಟಲು ತೊಳೆಯುವಾಗ ಗೊತ್ತಾಗುತ್ತದೆ, ಅಷ್ಟೇ. ಟಿವಿ ಹಾಕುತ್ತೇನೆ, ಸೌಂಡ್ ಇಡುವುದಿಲ್ಲ.

ಮೇಲಿನ ಮಹಡಿಯ ಶೀನಪ್ಪನ ನೆನಪುಂಟಲ್ಲ, ಪಣಂಬೂರಿನ ರಸಗೊಬ್ಬರದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವ. ಈಗ ಅವ ನಮ್ಮ ಹಿರಿಯ ನಾಗರಿಕರ ವೇದಿಕೆಯ ಕಾರ್ಯದರ್ಶಿ. ಏಪ್ರಿಲ್‌ನಲ್ಲಿ ಆರೋಗ್ಯ ದಿನಕ್ಕೆ ನಾನೊಂದು ಭಾಷಣ ಮಾಡಬೇಕಂತೆ. ನೀವು ಬಿ.ಎ. ಎಕನಾಮಿಕ್ಸ್, ಪೋರ್ಟಿನಲ್ಲಿ ಆಯುಷ್ಯ ಪೂರ್ತಿ ಟನ್ನೇಜ್ ಸ್ಟೇಟ್‌ಮೆಂಟ್ ಮಾಡಿದವರು, ಸುಮ್ಮನೆ ಕೂತು ಎಂತ ಮಾಡ್ತೀರಿ ಎಂದ. ಒಪ್ಪಿದೆ. ಇಲ್ಲ ಎನ್ನುವುದಕ್ಕೂ ಒಂದು ಉಮೇದು ಬೇಕಾಗುತ್ತದೆ.

ವಿಷಯ, ಯಾವ ದೇಶ ಆರೋಗ್ಯಕ್ಕೆ ಎಷ್ಟು ಖರ್ಚು ಮಾಡುತ್ತದೆ ಎಂಬುದು. ಗ್ರಾಸ್ ಡೊಮೆಸ್ಟಿಕ್ ಪ್ರಾಡಕ್ಟ್‌ನಲ್ಲಿ ನೂರಕ್ಕೆ ಇಂತಿಷ್ಟು ಎಂದು ಲೆಕ್ಕ. ಅಮೆರಿಕ ಹದಿನೇಳರ ಹತ್ತಿರ. ನಿಮ್ಮ ಇಂಗ್ಲೆಂಡ್ ಹನ್ನೊಂದು, ಜಪಾನೂ ಹೆಚ್ಚುಕಡಿಮೆ ಅಷ್ಟೇ. ನಾವು ಮೂರು ಚಿಲ್ಲರೆ. ಇಪ್ಪತ್ತು ವರ್ಷದ ಗೆರೆ ಹಾಕಿ ನೋಡಿದೆ, ಅವರದೆಲ್ಲ ಮೇಲೆ ಹೋಗುತ್ತದೆ, ನಮ್ಮದು ಮಲಗಿದೆ, ಸ್ವಲ್ಪ ಕೆಳಗೇ ವಾಲಿದೆ. ನಮ್ಮ ಪ್ರೊಫೆಸರರು ಇಂಥ ಜಾಗದಲ್ಲಿ ‘ಸೆಟೆರಿಸ್ ಪಾರಿಬಸ್’ ಎನ್ನುತ್ತಿದ್ದರು. ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ ಎಂದೋ ಏನೋ ಅದರ ಅರ್ಥ. ಅದು ಇಂಗ್ಲಿಷೋ ಲ್ಯಾಟಿನೋ, ಆಗಲೂ ಕೇಳಲಿಲ್ಲ.

ಇನ್ನೊಂದು ವಿಷಯ. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತಿತ್ತು. ಪೇಟೆಯ ಆಸ್ಪತ್ರೆಯಲ್ಲಿ ತೋರಿಸಿದೆ. ಹೃದಯದ ಒಂದು ವಾಲ್ವ್ ಕಿರಿದಾಗಿದೆಯಂತೆ, ಹಡಗು ಬರುವ ದಾರಿಯಲ್ಲಿ ಹೂಳು ತುಂಬಿದ ಹಾಗೆ. ಎದೆ ತೆರೆದು ಬೇರೆ ವಾಲ್ವ್ ಹಾಕಬೇಕು, ಕೆಲವು ತಿಂಗಳೊಳಗೆ ಮಾಡಿಸಿ, ವರ್ಷ ಕಾಯಬೇಡಿ ಎಂದರು ಡಾಕ್ಟರು. ಖರ್ಚಿನ ಚಿಂತೆ ಇಲ್ಲ, ನಿವೃತ್ತರಿಗೆ ಪೋರ್ಟ್ ಕೊಡುತ್ತದೆ. ಆದರೆ ಕೌಂಟರಿನ ಹುಡುಗಿ, “ಒಟ್ಟಿಗೆ ಯಾರುಂಟು ಅಂಕಲ್?” ಎಂದು ಕೇಳಿದಳು. ಈಗ ಯಾರೂ ಬರಲಿಲ್ಲ ಎಂದೆ. “ಈಗ ಅಲ್ಲ, ಅಡ್ಮಿಟ್ ಆಗುವಾಗ. ಹತ್ತಿರ ನಿಲ್ಲುವ ಬೈಸ್ಟ್ಯಾಂಡರ್ ಇಲ್ಲದಿದ್ರೆ ಆಪರೇಶನ್‌ಗೆ ಡೇಟ್ ಕೊಡ್ಲಿಕ್ಕೆ ಆಗುದಿಲ್ಲ.”

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಂದೆ. ಬಸ್ಸು ಕೂಳೂರು ದಾಟಿದ ಮೇಲೆ, ಮನೆಯಲ್ಲಿ ಯಾರನ್ನು ಕೇಳುವುದು ಎಂದು ನೆನಪಾಯಿತು.

ಫೈಲು ಕಪಾಟಿನಲ್ಲಿಟ್ಟಿದ್ದೇನೆ. ಇಲ್ಲಿ ಸೆಕೆ ಶುರುವಾಗಿದೆ.

ನಿನ್ನ ಪಪ್ಪ,
ಚಿತ್ತರಂಜನ

*

ಲೀಡ್ಸ್
6 ಮಾರ್ಚ್ 2025

ಪಪ್ಪಾ,

ನಾಲ್ಕು ಪುಟದ ಕಾಗದದಲ್ಲಿ ವಾಲ್ವ್ ವಿಷಯ ಕೊನೆಯ ಪುಟದಲ್ಲಿ ಉಂಟು. ಅಮೆರಿಕ, ಜಪಾನ್ ಎಲ್ಲ ಮುಗಿದ ಮೇಲೆ. ನಾನು ಅದನ್ನು ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ ಓದಿದೆ, ನನ್ನ ಸ್ಟಾಪ್ ದಾಟಿ ಹೋಯಿತು.

ನೀವು ಫೋಟೋ ತೆಗೆದು ಕಳಿಸಿದ ರಿಪೋರ್ಟ್ ಇಲ್ಲಿಯ ಡಾಕ್ಟರಿಗೂ ತೋರಿಸಿದೆ. ಅವರೂ ಅದನ್ನೇ ಹೇಳಿದರು. ಇದು ಕಪಾಟಿನಲ್ಲಿ ಇಡುವ ಫೈಲ್ ಅಲ್ಲ ಪಪ್ಪಾ. ಒಂದು ದಿನ ಮೆಟ್ಟಿಲಲ್ಲೇ ಬಿದ್ದರೆ ಮತ್ತೆ ಯಾವ ವಾಲ್ವೂ ಪ್ರಯೋಜನ ಇಲ್ಲ. ನಿಮಗೆ ಹೆದರಿಸಲಿಕ್ಕೆ ಹೇಳುವುದಲ್ಲ, ಇಂಥವರನ್ನು ನಾನು ನೋಡಿದ್ದೇನೆ.

ನನಗೆ ಈಗ ರಜೆ ಇಲ್ಲ. ಅಮ್ಮನ ಬೊಜ್ಜದ ಕ್ರಿಯೆಗೆ ಬಂದಾಗ ಇದ್ದದ್ದೆಲ್ಲ ಮುಗಿಯಿತು, ಮೇಲೆ ಸಂಬಳ ಇಲ್ಲದ ರಜೆಯೂ ತೆಗೆದುಕೊಂಡೆ. ಹೋಮ್ ನರ್ಸ್ ಏಜೆನ್ಸಿಯವರನ್ನು ಕೇಳಿ. ನಂಬರ್ ಕಳಿಸಿದ್ದೇನೆ.

ಇಲ್ಲಿ ಬೈಸ್ಟ್ಯಾಂಡರ್ ಎನ್ನುವ ವಿಷಯವೇ ಇಲ್ಲ. ನನ್ನ ವಾರ್ಡಿನಲ್ಲಿ ಎಲ್ಲ ಎಂಬತ್ತರ ಆಚೆಯವರು. ಮಕ್ಕಳು ಮಧ್ಯಾಹ್ನ ಬಂದು ಹೂವಿಟ್ಟು ಸಂಜೆ ಹೋಗುತ್ತಾರೆ. ತಿನ್ನಿಸುವುದು, ತೊಳೆಯುವುದು, ಮಗ್ಗುಲು ತಿರುಗಿಸುವುದು ಎಲ್ಲ ನಾವೇ. ಆದರೆ ಆಪರೇಶನ್‌ಗೆ ಹೆಸರು ಬರೆಸಿ ಒಂದು ವರ್ಷ ಕಾದವರೂ ಇದ್ದಾರೆ. ನಿಮ್ಮ ಭಾಷಣಕ್ಕೆ ಬೇಕಾದರೆ ಇದನ್ನೂ ಸೇರಿಸಿ.

ಮುಂದಿನ ಕಾಗದದಲ್ಲಿ ಶೇಕಡಾ ಬರೆಯಬೇಡಿ. ತಾರೀಕು ಬರೆಯಿರಿ.

ಸಂಚಿತಾ

*

ಸುರತ್ಕಲ್
10 ಏಪ್ರಿಲ್ 2025

ಪ್ರೀತಿಯ ಸಂಚಿತಾ,

ತಾರೀಕು ಇನ್ನೂ ಇಲ್ಲ. ಏಜೆನ್ಸಿಗೆ ಫೋನ್ ಮಾಡಿದೆ. ಜನ ಕಳಿಸುತ್ತಾರಂತೆ, ಆದರೆ ಆಪರೇಶನ್‌ಗೆ ಸಹಿ ಹಾಕುವುದು ಅವರ ಜವಾಬ್ದಾರಿ ಅಲ್ಲವಂತೆ. ಏನಾದರೂ ಹೆಚ್ಚುಕಡಿಮೆ ಆದರೆ ಯಾರಿಗೆ ತಿಳಿಸಬೇಕು ಎಂದು ಕೇಳಿದರು. ಇಂಗ್ಲೆಂಡಿನ ನಂಬರ್ ಕೊಟ್ಟೆ. ಊರಿನಲ್ಲಿ ಯಾರೂ ಇಲ್ಲವಾ ಎಂದರು. ಮತ್ತೆ ಹೇಳುತ್ತೇನೆ ಎಂದು ಇಟ್ಟೆ.

ಭಾಷಣ ಆಯಿತು. ಫ್ಯಾನಿನ ಕೆಳಗೆ ಕೂತವರು ಅರ್ಧ ನಿದ್ರೆ ಮಾಡಿದರು. ಅಮೆರಿಕದವರು ಅಷ್ಟು ಖರ್ಚು ಮಾಡಿಯೂ ಜಪಾನಿನವರಷ್ಟು ಬದುಕುವುದಿಲ್ಲ ಎಂದಾಗ ಒಬ್ಬರು ಚಪ್ಪಾಳೆ ತಟ್ಟಿದರು, ಯಾಕೆಂದು ಗೊತ್ತಾಗಲಿಲ್ಲ. ನಮ್ಮಲ್ಲಿ ಹತ್ತು ಹನ್ನೆರಡು ವರ್ಷದ ಹಿಂದೆ ನೂರರಲ್ಲಿ ಅರವತ್ತಕ್ಕೂ ಹೆಚ್ಚು ರೋಗಿಯ ಕಿಸೆಯಿಂದಲೇ ಹೋಗುತ್ತಿತ್ತು, ಈಗ ನಲವತ್ತರ ಆಚೀಚೆ ಇಳಿದಿದೆ ಎಂದೆ. ಇಳಿದದ್ದು ನನ್ನ ಕಿಸೆಗೆ ಗೊತ್ತಾಗಲಿಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಎಲ್ಲ ನಕ್ಕರು.

ಮತ್ತೆ ಶೀನಪ್ಪ ಎದ್ದ. ಅವನಿಗೆ ಕುಚೋದ್ಯ ಇಲ್ಲದೆ ಪ್ರಶ್ನೆ ಕೇಳಿ ಅಭ್ಯಾಸ ಇಲ್ಲ. ಆದರೆ ಆ ದಿನ ಸುಮ್ಮನೆ ಕೇಳಿದ: “ಶೆಟ್ರೇ, ನೀವು ಗುಣವತಿಯಕ್ಕನ ಒಟ್ಟಿಗೆ ಆಸ್ಪತ್ರೆಯಲ್ಲಿ ನಿಂತ್ರಲ್ಲ, ಅದು ಈ ನೂರಕ್ಕೆ ಮೂರರಲ್ಲಿ ಉಂಟಾ?”

ನಿನ್ನ ಅಮ್ಮನ ಹೆಸರು ಬಂದ ಕೂಡಲೇ ನೀರು ಕುಡಿದು, ಇಲ್ಲ ಎಂದೆ. ಸಂಬಳ ಇಲ್ಲದ ಕೆಲಸ ರಾಷ್ಟ್ರದ ಲೆಕ್ಕಕ್ಕೆ ಬರುವುದಿಲ್ಲ. ಕಾಲೇಜಿನಲ್ಲಿ ನಮ್ಮ ಪ್ರೊಫೆಸರರು ಒಂದು ತಮಾಷೆ ಹೇಳುತ್ತಿದ್ದರು, ಅಡುಗೆಯವಳನ್ನು ಯಜಮಾನ ಮದುವೆಯಾದರೆ ನ್ಯಾಷನಲ್ ಇನ್‌ಕಮ್ ಇಳಿಯುತ್ತದೆ ಎಂದು. ಅಡುಗೆ ಅದೇ, ಸಂಬಳ ಮಾತ್ರ ಇಲ್ಲ. ಅದನ್ನು ಹೇಳಿದೆ. ಹೆಂಗಸರು ಯಾರೂ ನಗಲಿಲ್ಲ.

ಮನೆಗೆ ಬಂದು ಅದನ್ನೇ ಯೋಚಿಸಿದೆ. ಅಮ್ಮನ ಮಂಚದ ಅಡಿಯಲ್ಲಿ ಚಾಪೆ ಹಾಸಿ ಮಲಗಿದ್ದು, ಫಾರ್ಮಸಿಯ ಸಾಲಿನಲ್ಲಿ ಚೀಟಿ ಹಿಡಿದು ನಿಂತದ್ದು, ರಕ್ತದ ಬಾಟಲಿ ಲ್ಯಾಬಿಗೆ ಓಡಿಸಿದ್ದು, ಕ್ಯಾಂಟೀನಿನ ಗಂಜಿ ತಂದು ಚಮಚದಲ್ಲಿ ಕೊಟ್ಟದ್ದು, ಮೂತ್ರದ ಚೀಲ ನೋಡಿ ನರ್ಸಿಗೆ ಹೇಳಿದ್ದು. ಇಲ್ಲಿ ಪ್ರತಿ ಮಂಚದ ಬದಿಯಲ್ಲಿ ಒಬ್ಬರು ಹೀಗೆ ಇರುತ್ತಾರೆ. ವಾಮಂಜೂರಿನ ಎಸ್ತೆರ್ ಬಾಯಿ ಪಕ್ಕದ ಮಂಚದಲ್ಲಿದ್ದ ತನ್ನ ಅತ್ತಿಗೆಗೆ ನಿಂತಿದ್ದರು, ನಾನು ಸ್ನಾನಕ್ಕೆ ಹೋದರೆ ಅಮ್ಮನನ್ನೂ ನೋಡಿಕೊಳ್ಳುತ್ತಿದ್ದರು. ಇವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ನಮ್ಮ ಮೂರು ಎಷ್ಟಾಗುತ್ತದೋ. ಅದೇ ಕೆಲಸ ನೀನು ಅಲ್ಲಿ ಮಾಡಿದರೆ ಅದು ಇಂಗ್ಲೆಂಡಿನ ಆ ಹನ್ನೊಂದರಲ್ಲಿ ಸೇರಿಹೋಗುತ್ತದೆ. ಯಾರದ್ದೋ ತಂದೆಯ ಬೆನ್ನು ನೀನು ಒರೆಸಿದ್ದು ದೇಶದೇಶದ ಆರೋಗ್ಯದ ಲೆಕ್ಕ ಇಡುವ ಜಿನೀವಾದ ಪುಸ್ತಕದಲ್ಲಿ ಉಂಟು. ನಾನು ನಿನ್ನ ಅಮ್ಮನ ಬೆನ್ನು ಒರೆಸಿದ್ದು ಎಲ್ಲಿಯೂ ಇಲ್ಲ.

ಎಕನಾಮಿಕ್ಸ್ ಹೇಳಿದ್ದು. ಬೇರೆ ಎಂತದೂ ಮನಸ್ಸಿನಲ್ಲಿಟ್ಟು ಬರೆದದ್ದಲ್ಲ.

ನಿನ್ನ ಪಪ್ಪ,
ಚಿತ್ತರಂಜನ

*

ಲೀಡ್ಸ್
28 ಏಪ್ರಿಲ್ 2025

ಪಪ್ಪಾ,

ಎಕನಾಮಿಕ್ಸ್ ಎಂದು ಬರೆದಿರಿ. ನಾನು ಅದನ್ನು ಹಾಗೆ ಓದಲಿಲ್ಲ. ತುಷಾರ್‌ಗೆ ಓದಿ ಹೇಳಿದೆ, ಅವರು ಎದ್ದು ಚಹಾ ಮಾಡಿದರು.

ಅಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ಇಲ್ಲಿ ಬೇರೆಯವರ ಅಮ್ಮಂದಿರಿಗೆ ತಿನ್ನಿಸುತ್ತಿದ್ದೆ. ಅದಕ್ಕೆ ನನಗೆ ಸಂಬಳ ಬರುತ್ತಿತ್ತು. ನೀವು ಹೇಳಬೇಕೆಂದಿಲ್ಲ. ವಿಮಾನ ಇಳಿದು ಬರುವಾಗ ಅಮ್ಮನನ್ನು ಹಾಲ್‌ನಲ್ಲಿ ಮಲಗಿಸಿ ಆಗಿತ್ತು.

ಮ್ಯಾನೇಜರ್ ಹತ್ತಿರ ಮಾತಾಡಿದೆ. ಆಗಸ್ಟ್ ಒಂದರಿಂದ ಎರಡು ವಾರ ಕೊಟ್ಟಿದ್ದಾರೆ. ಮೊದಲ ವಾರಕ್ಕೇ ಆಪರೇಶನ್ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಮೆಟ್ಟಿಲು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ. ಬೈಸ್ಟ್ಯಾಂಡರ್ ನಾನು. ಸಹಿ ನಾನು ಹಾಕ್ತೇನೆ, ಚಾಪೆ ನಾನು ಹಾಸ್ತೇನೆ. ಅಮ್ಮನಿಗೆ ನಿಲ್ಲಲಿಕ್ಕೆ ಆಗಲಿಲ್ಲ. ನಿಮಗೆ ನಿಲ್ತೇನೆ. ಇದರಲ್ಲಿ ನಿಮ್ಮ ಶೇಕಡಾ ತರಬೇಡಿ.

ಸಂಚಿತಾ

*

ಸುರತ್ಕಲ್
9 ಜೂನ್ 2025

ಪ್ರೀತಿಯ ಸಂಚಿತಾ,

ಈ ಕಾಗದ ನಿನ್ನ ಕೈಗೆ ಸಿಗುವಾಗ ಆಪರೇಶನ್ ಆಗಿರುತ್ತದೆ. ಇವತ್ತು ಅಡ್ಮಿಟ್ ಆಗುತ್ತೇನೆ. ದಾರಿಯಲ್ಲಿ ಇದನ್ನು ಪೋಸ್ಟಾಫೀಸಿನಲ್ಲಿ ಕೊಟ್ಟು ಹೋಗುವುದು. ಸಿಟ್ಟು ಮಾಡು, ಆದರೆ ಪೂರ್ತಿ ಓದಿ ಮಾಡು.

ಹೋದ ತಿಂಗಳು ಎರಡು ಸಲ ಕಣ್ಣು ಕತ್ತಲೆ ಬಂತು. ಒಂದು ಸಲ ಮೀನಿನ ಮಾರ್ಕೆಟ್ಟಿನಲ್ಲಿ ನಿಂತಲ್ಲೇ ಕೂತೆ. ಡಾಕ್ಟರು ಆಗಸ್ಟ್ ಬೇಡ ಎಂದರು. ಅದೂ ಒಂದು ಕಾರಣ. ಆದರೆ ಅದು ಒಂದೇ ಎಂದು ಬರೆದರೆ ಸುಳ್ಳಾಗುತ್ತದೆ. ಡಾಕ್ಟರು ಆಗಬಹುದು ಎಂದಿದ್ದರೂ ನಾನು ಆಗಸ್ಟಿಗೆ ಇಡುತ್ತಿರಲಿಲ್ಲ.

ನಿನ್ನ ಅಮ್ಮನನ್ನು ನೆನಪು ಮಾಡಲು ಕೂತರೆ ನನಗೆ ಮಂಚ ಬರುತ್ತದೆ. ಕಬ್ಬಿಣದ ಮಂಚ, ಮೂಗಿನ ನಳಿಗೆಯನ್ನು ಕೆನ್ನೆಗೆ ಅಂಟಿಸಿದ ಟೇಪು, ಬತ್ತಿದ ಕೈಯಲ್ಲಿ ಬಳೆ ಮೊಣಕೈಯವರೆಗೆ ಜಾರುವುದು. ಅದರ ಹಿಂದೆ ಹೋಗಬೇಕು ಎಂದು ಪ್ರಯತ್ನ ಮಾಡುತ್ತೇನೆ. ಮದುವೆಯ ಆಲ್ಬಮ್ ತೆರೆದು ನೋಡಿದೆ, ಯಾರೋ ಹುಡುಗಿಯ ಹಾಗೆ ಕಾಣುತ್ತದೆ. ಇಷ್ಟು ವರ್ಷ ಒಟ್ಟಿಗೆ ಇದ್ದದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ. ನಿಂತ ಆ ದಿನಗಳು ಅದರ ಮೇಲೆ ಬಂದು ಕೂತಿವೆ, ಏಳುವುದಿಲ್ಲ. ಅಳು ಬಾರದ್ದಕ್ಕೂ ಅದೇ ಕಾರಣವೋ ಏನೋ. ಯಾರಿಗೆಂದು ಅಳುವುದು, ಮಂಚಕ್ಕಾ?

ನೀನು ಬಂದು ನನಗೆ ನಿಂತರೆ ನಿನಗೂ ಹೀಗೇ ಆಗುತ್ತದೆ. ನೀನು ನರ್ಸ್, ನಿನಗೆ ಅಭ್ಯಾಸ ಎನ್ನುತ್ತೀ. ಬೇರೆಯವರದ್ದು ಅಭ್ಯಾಸ ಆಗುತ್ತದೆ. ಆಪರೇಶನ್ ಸರಿಯಾಗದಿದ್ದರೆ ನಿನ್ನ ಹತ್ತಿರ ಉಳಿಯುವ ಪಪ್ಪ ಎದೆ ಹೊಲಿದು ಮಲಗಿಸಿದ ಒಂದು ಹೆಣದ ಹಾಗಿರುವವ. ಅದು ಬೇಡ ಎಂದು ಕಂಡಿತು. ಈ ವರ್ಷ ನನಗೆ ಹೀಗೆ ಬೇಕು, ಹೀಗೆ ಬೇಡ ಎಂದು ಕಂಡದ್ದು ಇದೊಂದೇ. ಅದಕ್ಕೆ ಹಿಡಿದುಕೊಂಡೆ.

ನಿಲ್ಲುವುದು ಶೀನಪ್ಪ. ಮೊನ್ನೆ ಮೇಲೆ ಹೋಗಿ ಕೇಳಿದೆ. ಅವ ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದ. “ಫೆಬ್ರವರಿಯಲ್ಲಿ ಗೊತ್ತಾದದ್ದು, ಜೂನಿನಲ್ಲಿ ಕೇಳುದಾ ಮಾರಾಯ್ರೆ? ಒಂದು ಮಹಡಿ ಹತ್ಲಿಕ್ಕೆ ಇಷ್ಟು ತಿಂಗಳಾ?” ಎಂದ. ವಾಲ್ವ್ ಕಿರಿದು, ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದೆ. ಅವ ನಗಾಡಿದ, ನನಗೂ ಸ್ವಲ್ಪ ನಗೆ ಬಂತು. ಅಂದೇ ಇಬ್ಬರೂ ಆಸ್ಪತ್ರೆಗೆ ಹೋದೆವು, ಕೌಂಟರಿನಲ್ಲಿ ಸಂಬಂಧ ಎಂತ ಎಂದು ಕೇಳಿದ್ದಕ್ಕೆ ನೆರೆಕರೆ ಎಂದು ಬರೆಸಿದ. ಅವರು ಒಪ್ಪಿದರು. ಒಪ್ಪುವುದಿಲ್ಲ ಎಂದು ನಾನೇ ಅಂದಾಜು ಮಾಡಿ ಕೂತಿದ್ದೆ, ಕೇಳಿರಲಿಲ್ಲ.

ಆಟೋ ಬಂತು. ಅವ ಕೆಳಗಿನಿಂದ ಕರೆಯುತ್ತಿದ್ದಾನೆ.

ಪಪ್ಪ

*

ಮಂಗಳೂರು
20 ಜೂನ್ 2025

ಸಂಚಿತಮ್ಮನಿಗೆ ಶೀನಪ್ಪ ಬರೆಯುವುದು.

ಫೋನಿನಲ್ಲಿ ಎಲ್ಲ ಮಾತಾಡಿ ಆಗಿದೆ. ಆದರೆ ನಿನ್ನ ತಂದೆಯವರು ಒಂದು ವಿವರ ಬರೆದು ಕಳಿಸು, ರೆಕಾರ್ಡಿಗೆ ಇರಲಿ ಎಂದು ಹೇಳಿದ್ದಾರೆ. ಪೋರ್ಟಿನವರ ಬುದ್ಧಿ ಹೋಗುವುದಿಲ್ಲ. ನಾನು ಕಾಗದ ಬರೆಯದೆ ಎಷ್ಟೋ ವರ್ಷ ಆಯಿತು, ತಪ್ಪಿದ್ದರೆ ಸರಿ ಮಾಡಿ ಓದಿಕೊ.

ಆಪರೇಶನ್ ಸರಿಯಾಗಿದೆ. ಐಸಿಯುನಿಂದ ವಾರ್ಡಿಗೆ ತಂದಿದ್ದಾರೆ. ನಿನ್ನೆ ಹಿಡಿದುಕೊಂಡು ಬಾಗಿಲಿನವರೆಗೆ ನಡೆದರು. ಗಂಜಿಗೆ ಉಪ್ಪು ಇಲ್ಲ ಎಂದು ಕ್ಯಾಂಟೀನಿನವನಿಗೆ ಬೈದರು. ಹಾರ್ಟಿನವರಿಗೆ ಉಪ್ಪು ಕಡಿಮೆ ಎಂದು ಅವ ಹೇಳಿದ್ದಕ್ಕೆ ಮತ್ತೂ ಬೈದರು. ನನಗೆ ಸಮಾಧಾನ ಆಯಿತು.

ಆದಿತ್ಯವಾರ ನೀನು ಫೋನ್ ಮಾಡಿದಾಗ ಶೆಟ್ರು ಸ್ನಾನಕ್ಕೆ ಹೋಗಿದ್ದಾರೆ ಎಂದು ಹೇಳಿದ್ದು ಅವರು ಹೇಳಿಕೊಟ್ಟದ್ದೇ. ಹಿಂದೆ ಆ ಮೆಶಿನ್ನು ಕುಂಯ್ ಕುಂಯ್ ಎನ್ನುವುದು ನಿನಗೆ ಕೇಳುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ನರ್ಸಿನ ಹತ್ತಿರ ಇನ್ನು ಸುಳ್ಳು ಹೇಳುವುದಿಲ್ಲ ಎಂದು ಕಟೀಲು ದೇವಸ್ಥಾನದ ದಿಕ್ಕಿಗೆ ಕೈಮುಗಿದಿದ್ದೇನೆ. ನೀನು ನನಗೆ ಬೈದದ್ದು ಸರಿಯೇ. ಬೈದು ಮುಗಿದ ಮೇಲೆ ನೀನು ಫೋನ್ ಇಡುತ್ತೀ ಎಂದು ಅಂದಾಜು ಮಾಡಿದೆ. ಮತ್ತೆ ಕೇಳಿದ್ದು, ಪಪ್ಪ ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡೀತೀರಾ ಎಂದು.

ಅಂದಿನಿಂದ ಹಾಗೇ ಮಾಡುತ್ತಿದ್ದೇನೆ. ಮಗ್ಗುಲು ತಿರುಗಿಸುವಾಗ ಕೈ ಎಲ್ಲಿ ಹಾಕಬೇಕು ಎಂದು ನೀನು ಹೇಳಿದ ಹಾಗೇ. ಪಕ್ಕದ ಮಂಚದವರು ನೋಡಿ ಕಲಿತರು. ನೀವು ಮೇಲ್ ನರ್ಸಾ ಎಂದು ಒಬ್ಬರು ಕೇಳಿದರು, ಇಲ್ಲ, ಯೂರಿಯಾ ಫ್ಯಾಕ್ಟರಿಯವ ಎಂದೆ.

ಒಂದೇ ಒಂದು ವಿಷಯ ಅವರು ಬರೆಯಲಿಕ್ಕೆ ಹೇಳದ್ದು. ಮೊನ್ನೆ ಬೆಳಿಗ್ಗೆ ಶೆಟ್ರು ಅತ್ತರು. ನೋವಾ ಎಂದು ಕೇಳಿದೆ, ಅಲ್ಲ ಎಂದರು. ನಾನು ದಿಂಬು ಹಿಡಿದೆ. ಅಳುವಾಗಲೂ ಎದೆಗೆ ಹಾಗೇ ಹಿಡಿಯಬೇಕಾ ಎಂದು ನಿನ್ನ ಹತ್ತಿರ ಕೇಳಬೇಕೆಂದಿದ್ದೆ.

ಇಂತಿ,
ಶೀನಪ್ಪ (ಬೈಸ್ಟ್ಯಾಂಡರ್)

*

ಸುರತ್ಕಲ್
6 ಜುಲೈ 2025

ಪ್ರೀತಿಯ ಸಂಚಿತಾ,

ಮನೆಗೆ ಬಂದು ಒಂದು ವಾರದ ಮೇಲಾಯಿತು. ದಿಂಬಿಗೆ ಒರಗಿ ಬರೆಯುವುದು, ಅಕ್ಷರ ನೋಡಿ ಗಾಬರಿಯಾಗಬೇಡ. ಹೊಲಿಗೆ ಒಣಗಿದೆ. ಎಸ್ತೆರ್ ಬಾಯಿಗೆ ಯಾರೋ ಹೇಳಿದರಂತೆ, ವಾಮಂಜೂರಿನಿಂದ ಎರಡು ಬಸ್ಸು ಹಿಡಿದು ಬಂದು ಕೂತು ಮಾತಾಡಿ ಹೋದರು. ಶೀನಪ್ಪ ದಿನಕ್ಕೆ ಎರಡು ಸಲ ಇಳಿದು ಬಂದು ನಾನು ಇದ್ದೇನಾ ನೋಡಿ ಹೋಗುತ್ತಾನೆ.

ಅವ ನಿನಗೆ ಎಂತ ಬರೆದಿದ್ದಾನೆ ಎಂದು ಫೋನಿನಲ್ಲಿ ನೀನು ಹೇಳಿದೆ. ಹೇಳಬೇಡ ಎಂದರೆ ಹೇಳುವ ಜನ. ಸರಿ, ಆದದ್ದು ಇಷ್ಟು.

ನಿಂತಾಗ ಕೈಗೆ ಕೆಲಸ ಇರುತ್ತದೆ. ಮಲಗಿದವನಿಗೆ ಎಂತ ಕೆಲಸ? ಎಲ್ಲವನ್ನೂ ಬೇರೆಯವರು ಮಾಡುತ್ತಿದ್ದರು, ನಾನು ಸೀಲಿಂಗ್ ನೋಡುತ್ತಿದ್ದೆ. ಕಿಟಕಿಯ ಹೊರಗೆ ಸಿಟಿ ಬಸ್ಸಿನ ಕಂಡಕ್ಟರ್ ಒಬ್ಬ ಸುರತ್ಕಲ್ ಸುರತ್ಕಲ್ ಎಂದು ಕೂಗಿದ. ಅಷ್ಟೇ, ಒಂದು ದಿನ ಇಡೀ ನೆನಪಿಗೆ ಬಂತು.

ನೀನು ಹುಟ್ಟುವ ಮೊದಲು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟಾಪಿನಿಂದ ಬಸ್ಸು ಹತ್ತಿದೆವು. ವಿಪರೀತ ರಶ್ಶು. ಅಮ್ಮ ಎದುರಿನ ಬಾಗಿಲಿನಿಂದ ಹೆಂಗಸರ ಕಡೆ ಹತ್ತಿದಳು, ನಾನು ಹಿಂದಿನ ಬಾಗಿಲಿಗೆ ಜೋತುಕೊಂಡೆ. ಕಂಡಕ್ಟರ್ ಬಂದಾಗ ನಾನು ಇಬ್ಬರಿಗೂ ಟಿಕೇಟು ತೆಗೆದುಕೊಂಡೆ. ಅವಳೂ ಎದುರಿನಲ್ಲಿ ಇಬ್ಬರಿಗೂ ತೆಗೆದುಕೊಂಡಿದ್ದಳು. ಇಳಿದು ನೋಡಿದರೆ ನಾಲ್ಕು ಟಿಕೇಟು. ನನಗೆ ಸಿಟ್ಟು ಬಂತು, ಗಂಡಸು ನಾನು ಇರುವಾಗ ನಿನಗೆ ಯಾಕೆ ಅಧಿಕಪ್ರಸಂಗ ಎಂದೆ. ಅವಳು ಟಿಕೇಟು ನನ್ನ ಕೈಗೆ ಕೊಟ್ಟು, “ಇನ್ನಿಬ್ರು ಎಲ್ಲಿ ಇಳಿದ್ರು ನೋಡಿ, ಊಟಕ್ಕೆ ಕರೆದುಕೊಂಡು ಹೋಗುವ,” ಎಂದಳು. ಹೇಳಿ ಬಸ್‌ಸ್ಟ್ಯಾಂಡಿನಲ್ಲೇ ನಗಲಿಕ್ಕೆ ಶುರು. ಕೊಡೆಯ ಮೇಲೆ ಭಾರ ಹಾಕಿ ನಕ್ಕಳು, ಕೊಡೆ ಬಗ್ಗಿತು. ಮೀನಿನ ಹೆಂಗಸರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನೀಲಿ ಸೀರೆ, ಬೆವರಿಗೆ ಹಣೆಯ ಕುಂಕುಮ ಇಳಿದಿತ್ತು.

ಆಗ ಅತ್ತದ್ದು. ನೋವು ಅಲ್ಲ ಎಂದು ಶೀನಪ್ಪನಿಗೆ ಹೇಳಿದ್ದು ಅರ್ಧ ಸುಳ್ಳು, ಹೊಲಿದ ಎದೆಯಲ್ಲಿ ಅತ್ತರೆ ಜೋರು ನೋಯುತ್ತದೆ. ಆದರೆ ನೋಯಲಿ ಎಂದು ಕಂಡಿತು. ಮತ್ತೆ ಸ್ವಲ್ಪ ಸ್ವಲ್ಪ ಬರುತ್ತಾ ಉಂಟು. ದಿನಾ ಅಲ್ಲ. ಹೆಚ್ಚಿನ ದಿನ ಎಂತದೂ ಇಲ್ಲ, ಹಿಂದಿನ ಹಾಗೇ. ಗುಣ ಆಯಿತು ಎಂದು ಬರೆಯುವುದಿಲ್ಲ.

ನಿನ್ನ ಎರಡು ವಾರ ರಜೆ ಈಗ ದಂಡ, ಅದನ್ನು ವಾಪಸು ಕೊಟ್ಟು ಕ್ರಿಸ್ಮಸ್ಸಿಗೆ ಇಟ್ಟುಕೊಳ್ಳುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದೆ. ಸಿಟ್ಟಿನಲ್ಲಿ ಹೇಳಿದ್ದು ಎಂದು ಗೊತ್ತು. ಕೊಡಬೇಡ. ಆಗಸ್ಟಿನ ಮೊದಲ ಎರಡು ವಾರ ಎಂದರೆ ನಮ್ಮ ಆಟಿ ತಿಂಗಳು. ಮದುವೆಯಾದ ವರ್ಷ ಆಟಿಯಲ್ಲಿ ಹುಡುಗಿ ತಾಯಿಮನೆಗೆ ಬಂದು ಕೂರುವ ಕ್ರಮ ಉಂಟು. ಗದ್ದೆ ಕೆಲಸವೂ ಇಲ್ಲ, ಶುಭಕಾರ್ಯವೂ ಇಲ್ಲ, ಸುಮ್ಮನೆ ತಿಂದು, ಮಳೆ ನೋಡಿಕೊಂಡು, ನಿದ್ರೆ ಮಾಡಿಕೊಂಡು ಕೂರುವುದು. ನೀನು ಆ ವರ್ಷ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೆ, ಮತ್ತೆ ವೀಸಾ ಬಂತು. ನಿನ್ನ ಆಟಿ ಬಾಕಿ ಉಳಿದಿದೆ ಎಂದು ಅಮ್ಮ ಹೇಳುತ್ತಿದ್ದಳು. ಅದೂ ಈಗ ನೆನಪಾದದ್ದು.

ಪತ್ರೊಡೆ ಮಾಡಲು ನನಗೆ ಬರುವುದಿಲ್ಲ, ಕೆಸುವಿನ ಎಲೆಯಲ್ಲಿ ಹಿಟ್ಟು ಸುತ್ತುವಾಗ ಬಿಚ್ಚಿಹೋಗುತ್ತದೆ. ಪ್ರಯತ್ನ ಮಾಡುತ್ತೇನೆ, ತಿನ್ನಲು ಆಗದಿದ್ದರೆ ಹೋಟೆಲಿನಿಂದ ತರಿಸುವ. ರಜೆಯ ಅರ್ಜಿಯಲ್ಲಿ ಕಾರಣ ಕೇಳಿದರೆ ತಂದೆಗೆ ಹುಷಾರಿಲ್ಲ ಎಂದು ಬರೆಯಬೇಡ. ಇಲ್ಲಿ ಎಲ್ಲರೂ ಹುಷಾರಿದ್ದಾರೆ. ನಿನಗೆ ಇಲ್ಲಿ ಒಂದು ಕೆಲಸವೂ ಇಲ್ಲ.

ಬಾ ಮಗಾ.

ನಿನ್ನ ಪಪ್ಪ,
ಚಿತ್ತರಂಜನ